ಮಳೆ ರಜೆಲಿ ಆನ್‌ಲೈನ್ ಕ್ಲಾಸು, ಮಕ್ಕಳು ಬಾಯೇ ಬಿಡೋದಿಲ್ಲ: ಎಂತ ಮಾಡ್ಬಹುದು?

ಮಲೆನಾಡ_ಅಕ್ಕೋರು (ಶಿರಸಿ)

ಎಲ್ರಿಗೂ ನಮಸ್ಕಾರ. ನಾನು ಶಿರಸಿ ಕಡೆ ಪಿಯು ಮಕ್ಕಳಿಗೆ ಫಿಸಿಕ್ಸ್ ಹೇಳ್ಕೊಡ್ತೇನೆ. ಜೂನ್ ಜುಲೈ ಬಂತು ಅಂದ್ರೆ ನಮ್ಮ ಜಿಲ್ಲೆ ಕತೆ ನಿಮಗೆಲ್ಲ ಗೊತ್ತೇ ಇದೆ, ರೆಡ್ ಅಲರ್ಟ್ ಬಂದ ಕೂಡ್ಲೆ ರಾತ್ರಿನೇ ರಜೆ ಘೋಷಣೆ ಆಗ್ತದೆ, ಆ ಮೆಸೇಜು ಗ್ರೂಪಿಂದ ಗ್ರೂಪಿಗೆ ಓಡ್ತದೆ, ಬೆಳಿಗ್ಗೆ ಎದ್ದು ಪೋರ್ಷನ್ ಹಿಂದೆ ಬೀಳ್ತದಲ್ಲ ಅಂತ ನಾವು ಮೀಟಿಂಗ್ ಲಿಂಕ್ ಹಾಕ್ತೇವೆ.

ಲಿಂಕ್ ಹಾಕಿದ್ರೆ ಮಕ್ಕಳು ಬರ್ತಾರೆ, ಬರೋದಿಲ್ಲ ಅಂತಲ್ಲ. ಐವತ್ತರ ಹತ್ರ ಹೆಸರು ಕಾಣ್ತದೆ. ಆದ್ರೆ ಕಾಣೋದು ಹೆಸರು ಅಷ್ಟೇ. ಎಲ್ಲ ಕಪ್ಪು ಚೌಕ. "ಅರ್ಥ ಆಯ್ತಾ?" ಅಂತ ಕೇಳಿದ್ರೆ ಯಾವಾಗ್ಲೂ ಅದೇ ಇಬ್ಬರು "ಎಸ್ ಮ್ಯಾಮ್" ಅಂತಾರೆ. ಬೇರೆಯವರ ಹೆಸರು ಕರೆದು ಕೇಳಿದ್ರೆ ಮೈಕ್ ಆನ್ ಆಗ್ತದೆ, ಮೊದಲು ತಗಡಿನ ಶೀಟಿನ ಮೇಲೆ ಮಳೆ ಹೊಡೆಯೋ ಸದ್ದು ಬರ್ತದೆ, ಅದರ ಹಿಂದೆ ಎಲ್ಲೋ "ಮ್ಯಾಮ್ ಕೇಳ್ತಾ ಇಲ್ಲ" ಅಂತ ಬರ್ತದೆ, ಮತ್ತೆ ಮೈಕ್ ಆಫ್. ಕ್ಲಾಸ್ ಮುಗೀತು ಅಂತ ಹೇಳಿ ನಾನು ಬೈ ಹೇಳಿದ ಮೇಲೂ ನಾಲ್ಕೈದು ಹೆಸರು ಹಾಗೇ ಉಳ್ಕೊಂಡಿರ್ತದೆ, ಅಂದ್ರೆ ಫೋನ್ ಅಲ್ಲಿದೆ ಮಗು ಅಲ್ಲಿಲ್ಲ.

ಇದೇ ಮಕ್ಕಳು ಕಾಲೇಜಲ್ಲಿ ಎದುರು ಕೂತಾಗ ಚೆನ್ನಾಗಿ ಪ್ರಶ್ನೆ ಕೇಳ್ತಾರೆ, ಅದಕ್ಕೇ ನನಗೆ ಸಂಕಟ. ಕಲಿಯೋ ಮನಸ್ಸಿಲ್ಲ ಅಂತ ನಾನು ಒಪ್ಪೋದಿಲ್ಲ, ನಾವು ಮಾಡ್ತಿರೋ ರೀತಿಲೇ ಎಂತದೋ ಸರಿ ಇಲ್ಲ ಅನ್ನಿಸ್ತದೆ.

ನನ್ನ ಪ್ರಶ್ನೆ ಇಷ್ಟು. ಕ್ಯಾಮೆರಾ ಕಡ್ಡಾಯ ಮಾಡ್ಬೇಕಾ? ನಮ್ಮಲ್ಲಿ ಕೆಲವರು ಮಾಡಿ ಅಂತಾರೆ. ಸುಮ್ಮನಿರೋ ಮಕ್ಕಳನ್ನ ಹೆದರಿಸದೆ ಮಾತಾಡಿಸೋದು ಹೇಗೆ? ಮತ್ತೆ ನಮ್ಮ ಶಿಕ್ಷಕರ ಶನಿವಾರದ ವರ್ಚುವಲ್ ಮೀಟಿಂಗೂ ಇದೇ ಕತೆ, ಒಬ್ಬರು ಸುತ್ತೋಲೆ ಓದ್ತಾರೆ, ಉಳಿದವರು ಮ್ಯೂಟಲ್ಲಿ ಇರ್ತೇವೆ, ಅದಕ್ಕೂ ಏನಾದ್ರೂ ದಾರಿ ಇದ್ರೆ ಹೇಳಿ. ದುಡ್ಡು ಕೊಟ್ಟು ತಗೊಳ್ಳೋ ಆ್ಯಪ್ ಬೇಡ, ನಮ್ಮ ಕಾಲೇಜಿಗೆ ಅದಾಗೋದಿಲ್ಲ.


ಅಘನಾಶಿನಿ_ದಂಡೆ (ಕುಮಟಾ)

ಅಕ್ಕೋರೇ, ಕ್ಯಾಮೆರಾ ಕಡ್ಡಾಯ ಖಂಡಿತ ಬೇಡ. ಎರಡು ಕಾರಣ. ಒಂದು, ಮನೆ. ಒಂದೇ ಕೋಣೇಲಿ ಅಜ್ಜಿ ಮಲಗಿರ್ತಾರೆ, ಮಳೆಗಾಲದಲ್ಲಿ ಒಣಗದ ಬಟ್ಟೆ ತಲೆ ಮೇಲೇ ನೇತಾಡ್ತಿರ್ತದೆ, ಅದನ್ನೆಲ್ಲ ಐವತ್ತು ಜನರ ಎದುರು ತೋರಿಸು ಅಂತ ಹದಿನಾರು ವರ್ಷದ ಹುಡುಗಿಗೆ ಹೇಳೋದು ನ್ಯಾಯ ಅಲ್ಲ. ಎರಡನೇದು ದಣಿವು. ಅಮೆರಿಕದ ಸ್ಟ್ಯಾನ್‌ಫರ್ಡ್ ಯುನಿವರ್ಸಿಟಿಯ ಪ್ರೊಫೆಸರ್ ಜೆರೆಮಿ ಬೇಲೆನ್ಸನ್ ಅವರು 2021ರಲ್ಲಿ ಈ ಝೂಮ್ ಸುಸ್ತಿನ ಬಗ್ಗೆ ಬರ್ದಿದ್ರು, ಅವರು ಹೇಳಿದ ಕಾರಣ ನಾಲ್ಕು: ಎಲ್ಲರ ಮುಖ ತೀರಾ ಹತ್ರದಿಂದ ನಮ್ಮನ್ನೇ ನೋಡ್ತಿರೋದು, ನಮ್ಮ ಮುಖ ನಾವೇ ನೋಡ್ಕೊಳ್ತಾ ಕೂರೋದು, ಕೂತಲ್ಲಿಂದ ಅಲ್ಲಾಡದೆ ಇರೋದು, ಎದುರಿನವರ ಕಣ್ಣು ಕೈ ಸನ್ನೆ ಸರಿಯಾಗಿ ತಿಳಿಯದೆ ತಲೆ ಜಾಸ್ತಿ ಓಡಿಸ್ಬೇಕಾಗಿ ಬರೋದು. ನೀವಾದ್ರೂ ಪಾಠ ಮಾಡುವಾಗ ಸೆಲ್ಫ್ ವ್ಯೂ, ಅಂದ್ರೆ ನಮ್ಮ ಮುಖ ನಮಗೇ ಕಾಣೋ ಚೌಕ, ಮರೆಮಾಡಿ ನೋಡಿ, ಬಹಳ ಹಗುರ ಆಗ್ತದೆ.

ಇನ್ನು ಮಾತಾಡಿಸೋದು. "ಅರ್ಥ ಆಯ್ತಾ" ಅನ್ನೋ ಪ್ರಶ್ನೆ ಕೈಬಿಡಿ, ಅದಕ್ಕೆ ಹೌದು ಬಿಟ್ಟು ಬೇರೆ ಉತ್ತರ ಹೇಳೋಕೆ ಯಾರಿಗೂ ಧೈರ್ಯ ಬರೋದಿಲ್ಲ. ನಾನು ಮಾಡೋದು ಹೀಗೆ. ಒಂದು ಪ್ರಶ್ನೆ ಹಾಕ್ತೇನೆ, ಎಲ್ಲರೂ ಚಾಟಲ್ಲಿ ಉತ್ತರ ಟೈಪ್ ಮಾಡಿ ಆದ್ರೆ ಕಳಿಸ್ಬೇಡಿ ಅಂತೇನೆ. ಒಂದು ನಿಮಿಷ ಪೂರ್ತಿ ಸುಮ್ಮನಿರ್ತೇನೆ. ಆಮೇಲೆ "ಈಗ ಒತ್ತಿ" ಅಂದಾಗ ಎಲ್ಲ ಉತ್ತರ ಒಮ್ಮೆಗೇ ಬೀಳ್ತದೆ. ಜಾಣ ಮಗುವಿನ ಉತ್ತರ ನೋಡಿ ಕಾಪಿ ಹೊಡೆಯೋಕೆ ಸಮಯ ಇರೋದಿಲ್ಲ, ತಪ್ಪು ಬರೆದವರೂ ಗುಂಪಲ್ಲಿ ಒಬ್ಬರಾಗ್ತಾರೆ, ಹೆಸರು ಹಿಡಿದು ಯಾರೂ ನೋಡೋದಿಲ್ಲ. ಝೂಮ್ ಆದ್ರೆ ಚಾಟ್ ಟೀಚರಿಗೆ ಮಾತ್ರ ಕಾಣೋ ಹಾಗೆ ಸೆಟ್ಟಿಂಗ್ ಇದೆ, ತೀರಾ ನಾಚಿಕೆ ಇರೋ ಕ್ಲಾಸಿಗೆ ಮೊದಮೊದಲು ಅದು ಒಳ್ಳೇದು.

ಪ್ರಶ್ನೆ ಹೇಗಿರ್ಬೇಕು ಅಂದ್ರೆ ಕೇಳಿದ ಕೂಡ್ಲೆ ಮನೆಯಲ್ಲೇ ಜಗಳ ಆಗ್ಬೇಕು. ಉದಾಹರಣೆಗೆ, ಸಿಮೆಂಟ್ ಟಾಕಿಲಿ ಸಣ್ಣ ದೋಣಿ ತೇಲ್ತಾ ಇದೆ, ದೋಣಿಲಿ ಚಿರೇಕಲ್ಲು ಇದೆ. ಕಲ್ಲನ್ನ ಎತ್ತಿ ಟಾಕಿ ನೀರಿಗೇ ಹಾಕಿದ್ರೆ ನೀರಿನ ಮಟ್ಟ ಏರ್ತದಾ, ಇಳೀತದಾ, ಹಾಗೇ ಇರ್ತದಾ? ಎ ಬಿ ಸಿ ಒತ್ತೋಕೆ ಹೇಳಿ. ತುಂಬಾ ಜನ ಏರ್ತದೆ ಅಂತಾರೆ. ಸರಿ ಉತ್ತರ ಇಳೀತದೆ, ಯಾಕಂದ್ರೆ ದೋಣಿಲಿ ಇದ್ದಾಗ ಕಲ್ಲು ತನ್ನ ತೂಕದಷ್ಟು ನೀರನ್ನ ಸರಿಸ್ತಿರ್ತದೆ, ಮುಳುಗಿದ ಮೇಲೆ ತನ್ನ ಗಾತ್ರದಷ್ಟು ಮಾತ್ರ. ಆದ್ರೆ ಉತ್ತರ ಕೂಡ್ಲೆ ಹೇಳ್ಬೇಡಿ. ಬೇರೆ ಉತ್ತರ ಒತ್ತಿದ ಗೆಳೆಯನಿಗೆ ಫೋನ್ ಮಾಡಿ ಎರಡು ನಿಮಿಷ ಒಪ್ಪಿಸೋಕೆ ನೋಡಿ ಅಂತ ಹೇಳಿ, ಆಮೇಲೆ ಇನ್ನೊಮ್ಮೆ ಒತ್ತಿಸಿ. ಹಾರ್ವರ್ಡಿನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ 1990ರ ದಶಕದ ಶುರುವಿಂದ ತುಂಬಿದ ಕ್ಲಾಸಲ್ಲಿ ಮಾಡ್ತಾ ಬಂದಿದ್ದು ಇದನ್ನೇ, ಮೊದಲು ಒಬ್ಬೊಬ್ಬರೇ ಉತ್ತರ, ಆಮೇಲೆ ಪಕ್ಕದವರ ಹತ್ರ ವಾದ, ಮತ್ತೆ ಉತ್ತರ.

ಇನ್ನೊಂದು, ಕಾಯೋದು. ಮೇರಿ ಬಡ್ ರೋ ಅನ್ನೋ ಅಮೆರಿಕದ ಸಂಶೋಧಕಿ 1970ರ ದಶಕದಲ್ಲೇ ತೋರಿಸಿದ್ರು, ಪ್ರಶ್ನೆ ಕೇಳಿದ ಮೇಲೆ ಮಾಸ್ತರರು ಕಾಯೋದು ಸುಮಾರಾಗಿ ಒಂದೇ ಸೆಕೆಂಡು, ಅದನ್ನ ಮೂರು ಸೆಕೆಂಡಿಗೆ ಏರಿಸಿದ್ರೆ ಉತ್ತರ ಉದ್ದ ಆಗ್ತದೆ, ಸುಮ್ಮನಿರೋ ಮಕ್ಕಳೂ ಬಾಯಿ ಬಿಡ್ತಾರೆ ಅಂತ. ಆನ್‌ಲೈನಲ್ಲಿ ನೆಟ್‌ವರ್ಕ್ ತಡ, ಮೈಕ್ ಹುಡುಕೋದು ತಡ, ಹತ್ತು ಸೆಕೆಂಡ್ ಕೊಡಿ. ಆ ಹತ್ತು ಸೆಕೆಂಡ್ ನಮಗೆ ಕಷ್ಟ ಆಗ್ತದೆ, ಮಕ್ಕಳಿಗಲ್ಲ.


ಕಾಳಿ_ಮೇಲಿನ_ಮಾಸ್ತರ (ಜೋಯಿಡಾ)

ಕುಮಟಾದವರು ಹೇಳಿದ್ದೆಲ್ಲ ಸರಿ, ಆದ್ರೆ ಲೈವ್‌ಗೆ ಬರೋಕೇ ಆಗದೆ ಇರೋ ಮಗುವಿನಿಂದ ಶುರು ಮಾಡಿ ಅಂತ ನನ್ನ ಕಳಕಳಿ. ನಮ್ಮ ಕಡೆ ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರಿನೂ ಹೋಗ್ತದೆ, ಆಮೇಲೆ ಊರಿಗೆ ಊರೇ ಸಿಗೋದಿಲ್ಲ. ಮಕ್ಕಳು ಕೊಡೆ ಹಿಡ್ಕೊಂಡು ಗುಡ್ಡ ಹತ್ತಿ ಸಿಗ್ನಲ್ ಹುಡುಕ್ತಾರೆ, ಆ ಮಳೇಲಿ ಆ ಇಂಬಳದಲ್ಲಿ ಅದು ಬೇಡ್ವೇ ಬೇಡ. ಯಾವ ಕ್ಲಾಸೂ ಅಷ್ಟು ದೊಡ್ಡದಲ್ಲ.

ಲೆಕ್ಕ ನೋಡಿ, ವಿಡಿಯೋ ಮೀಟಿಂಗ್ ಒಂದು ಗಂಟೆಗೆ ಹೆಚ್ಚುಕಡಿಮೆ ಒಂದು ಜಿಬಿ ತಿಂತದೆ, ಬರೀ ಧ್ವನಿ ಆದ್ರೆ ನೂರು ಎಂಬಿ ಒಳಗೇ ಮುಗೀತದೆ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಲ್ಲಿ ಅಣ್ಣ ತಂಗಿ ಇಬ್ಬರೂ ಓದೋ ಮನೆಗೆ ಇದು ಸಣ್ಣ ವಿಷಯ ಅಲ್ಲ. ಹಾಗಾಗಿ ನಾನು ಪಾಠದ ವಿವರಣೆ ಭಾಗವನ್ನ ಲೈವಲ್ಲಿ ಮಾಡೋದೇ ಇಲ್ಲ. ಐದಾರು ನಿಮಿಷದ ವಾಯ್ಸ್ ಮೆಸೇಜು, ಜೊತೆಗೆ ನೋಟ್ ಪುಸ್ತಕದಲ್ಲಿ ಕೈಲಿ ಬರೆದ ಚಿತ್ರದ ಒಂದು ಫೋಟೋ. ಸಿಗ್ನಲ್ ಬಂದಾಗ ಇಳಿಸ್ಕೊಳ್ತಾರೆ, ಎಷ್ಟು ಸಲ ಬೇಕಾದ್ರೂ ಕೇಳ್ತಾರೆ. ಐದಾರು ನಿಮಿಷ ಯಾಕೆ ಅಂದ್ರೆ 2014ರಲ್ಲಿ ಫಿಲಿಪ್ ಗುವೋ ಅನ್ನೋ ಸಂಶೋಧಕರು ಮತ್ತೆ ಅವರ ಜೊತೆಯವರು ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಕೋರ್ಸ್ ತಾಣದ ಪಾಠದ ವಿಡಿಯೋಗಳನ್ನ ಜನ ಎಷ್ಟು ಹೊತ್ತು ನೋಡ್ತಾರೆ ಅಂತ ಲಕ್ಷಾಂತರ ಸಲದ ನೋಡುವಿಕೆ ತೆಗೆದು ನೋಡಿದ್ರು, ಆರು ನಿಮಿಷ ದಾಟಿದ ಮೇಲೆ ಗಮನ ಜಾರ್ತದೆ ಅಂತ ಸಿಕ್ಕಿತು. ಬರೀ ಸ್ಲೈಡ್ ತೋರಿಸೋದಕ್ಕಿಂತ ಕೈಲಿ ಬರೀತಾ ಮಾತಾಡಿದ್ದೇ ಜನರನ್ನ ಹಿಡಿದು ಕೂರಿಸ್ತದೆ ಅಂತಾನೂ ಅದರಲ್ಲೇ ಬಂದಿತ್ತು. ನಮಗೆ ಬಹಳ ಧೈರ್ಯ ಕೊಡೋ ವಿಷಯ ಇದು, ಕರಿಹಲಗೆ ಸೀಮೆಸುಣ್ಣ ಇದ್ರೆ ಸಾಕು.

ಲೈವ್ ಇಟ್ರೆ ಇಪ್ಪತ್ತು ನಿಮಿಷ, ಅದೂ ಮಕ್ಕಳ ಡೌಟಿಗೆ ಮಾತ್ರ. ಚಿಕ್ಕ ಗುಂಪಿಗೆ ವಾಟ್ಸಾಪ್ ವಾಯ್ಸ್ ಕಾಲೇ ಸಾಕು, 32 ಜನರ ತನಕ ಸೇರ್ಬಹುದು.

2020ರಲ್ಲಿ ಕೊರೊನಾ ಟೈಮಲ್ಲಿ ಚಂದನ ಟಿವಿಲಿ ಸಂವೇದ ಅಂತ ಪಾಠ ಬರ್ತಿತ್ತು, ವಿದ್ಯಾಗಮ ಅಂತ ಶಿಕ್ಷಕರೇ ಊರೂರಿಗೆ ಹೋಗಿ ದೇವಸ್ಥಾನದ ಜಗುಲಿಲಿ, ಮರದ ಕಟ್ಟೆ ಮೇಲೆ ಮಕ್ಕಳನ್ನ ಕೂರಿಸಿ ಹೇಳ್ಕೊಟ್ರು. ಆಗ ನಾನು ಕಂಡಿದ್ದು, ವಾರಕ್ಕೊಮ್ಮೆ ಮುಖ ನೋಡಿ ಮಾತಾಡಿದ ಮಕ್ಕಳು ಫೋನಲ್ಲೂ ಮಾತಾಡ್ತಾರೆ. ಮಳೆ ಬಿಟ್ಟ ದಿನ ಕಾಲೇಜಲ್ಲಿ ಅವರ ಹತ್ರ ನಿಂತು ಮಾತಾಡಿದ್ದೇ ಮುಂದಿನ ಆನ್‌ಲೈನ್ ಕ್ಲಾಸಿಗೆ ತಯಾರಿ.


ಹೊನ್ನಾವರ_ಲೆಕ್ಕ

ಸ್ವಲ್ಪ ಬೇರೆ ಅಭಿಪ್ರಾಯ ಹೇಳ್ತೇನೆ, ಬೇಜಾರ್ ಮಾಡ್ಕೋಬೇಡಿ. ಕ್ಯಾಮೆರಾ ಪೂರ್ತಿ ಬಿಟ್ಟುಬಿಟ್ರೆ ಒಬ್ಬರಿಗೊಬ್ಬರು ಇದ್ದಾರೆ ಅನ್ನೋದೇ ಹೋಗ್ತದೆ. ನಾನು ಐದಾರು ಮಕ್ಕಳ ಸಣ್ಣ ಗುಂಪಲ್ಲಿ ಮೊದಲ ಎರಡು ನಿಮಿಷ ಮಾತ್ರ "ಆಗೋರು ಆನ್ ಮಾಡಿ" ಅಂತೇನೆ, ಹೆಚ್ಚಿನವರು ಮಾಡ್ತಾರೆ, ನಗ್ತಾರೆ, ಆಮೇಲೆ ಆಫ್. ಒತ್ತಾಯ ಇಲ್ಲದಿದ್ರೆ ಅವರಿಗೂ ಖುಷಿ.

ಹಾಗೇ ಕಹೂಟ್ ಥರದ ಆನ್‌ಲೈನ್ ಕ್ವಿಜ್ ಆಟದ ಬಗ್ಗೆ ಒಂದು ಎಚ್ಚರಿಕೆ. ಮಕ್ಕಳಿಗೆ ಬಹಳ ಇಷ್ಟ, ನಿಜ. ಆದ್ರೆ ಅದರಲ್ಲಿ ಬೇಗ ಒತ್ತಿದವರಿಗೆ ಪಾಯಿಂಟ್ ಜಾಸ್ತಿ. ಪೇಟೆಲಿ ಫೈಬರ್ ಇರೋ ಮಗು ಗೆಲ್ತದೆ, ಗೇರುಸೊಪ್ಪೆ ಕಡೆ ಒಳಗಿನ ಮಗು ಉತ್ತರ ಗೊತ್ತಿದ್ರೂ ಕೆಳಗೆ ಉಳೀತದೆ. ಅಂಥದ್ದು ಕ್ಲಾಸಲ್ಲಿ ಎಲ್ಲರೂ ಒಂದೇ ಕಡೆ ಇದ್ದಾಗ ಆಡಿಸಿ. ಮನೆಯಿಂದ ಆದ್ರೆ ಗೂಗಲ್ ಫಾರ್ಮ್ ಕೊಟ್ಟು ರಾತ್ರಿ ತನಕ ಸಮಯ ಬಿಡಿ.


ಕಾರವಾರ_ಡಿಗ್ರಿ_ಹುಡುಗಿ

ಮೇಡಂ, ನಾನು ಟೀಚರ್ ಅಲ್ಲ, ಡಿಗ್ರಿ ಓದ್ತಾ ಇದ್ದೇನೆ, ಕೊರೊನಾ ಟೈಮಲ್ಲಿ ಹೈಸ್ಕೂಲಲ್ಲಿ ಇದ್ದೆ. ಮಕ್ಕಳ ಕಡೆಯಿಂದ ಯಾರಾದ್ರೂ ಹೇಳ್ಬೇಕು ಅನ್ನಿಸ್ತು ಅದಕ್ಕೆ ಬರೀತಿದ್ದೇನೆ.

ನಾವು ಸುಮ್ಮನೆ ಇರೋದು ಪಾಠ ಬೇಡ ಅಂತಲ್ಲ. ಕ್ಲಾಸಲ್ಲಿ ಡೌಟ್ ಕೇಳ್ಬೇಕಾದ್ರೆ ಪಕ್ಕದವಳ ಹತ್ರ ಮೊದಲು ಪಿಸುಗುಟ್ಟಿ, ನಿಂಗೂ ಗೊತ್ತಿಲ್ವಾ ಅಂತ ಖಾತ್ರಿ ಮಾಡ್ಕೊಂಡು ಆಮೇಲೆ ಕೈ ಎತ್ತೋದು. ಆನ್‌ಲೈನಲ್ಲಿ ಆ ಪಿಸುಗುಟ್ಟೋ ಜಾಗವೇ ಇಲ್ಲ. ಮೈಕ್ ಆನ್ ಮಾಡಿದ್ರೆ ನೇರ ಎಲ್ಲರ ಕಿವಿಗೆ, ಜೊತೆಗೆ ಮನೆಲಿ ಅಪ್ಪನಿಗೂ ಕೇಳ್ತದೆ, ಮನೆಲಿ ಕೊಂಕಣಿ, ಕ್ಲಾಸಲ್ಲಿ ಇಂಗ್ಲಿಷ್, ತಪ್ಪಿದ್ರೆ ಊಟಕ್ಕೆ ಕೂತಾಗ ಅದೇ ಮಾತು. ಅದಕ್ಕೇ ಇಬ್ಬಿಬ್ಬರನ್ನ ಜೋಡಿ ಮಾಡಿ ಕೊಡಿ ಮೇಡಂ, ಉತ್ತರ ಜೋಡಿಯ ಹೆಸರಲ್ಲಿ ಬರ್ಲಿ. ಕನ್ನಡದಲ್ಲಿ ಕೇಳಿದ್ರೂ ನಡೀತದೆ ಅಂತ ನೀವೇ ಮೊದಲು ಬಾಯಿಬಿಟ್ಟು ಹೇಳಿ, ಅಷ್ಟರಲ್ಲೇ ಅರ್ಧ ಹೆದರಿಕೆ ಹೋಗ್ತದೆ.

ನಮಗೆ ಸಮಾಜ ವಿಜ್ಞಾನ ಹೇಳ್ಕೊಡ್ತಿದ್ದ ಒಬ್ಬರು ಸರ್ ಇದ್ರು, ಅವರ ಆನ್‌ಲೈನ್ ಕ್ಲಾಸ್ ಒಂದಕ್ಕೆ ಮಾತ್ರ ನಾವು ಯಾರೂ ತಪ್ಪಿಸ್ತಿರಲಿಲ್ಲ. ಅವರು ಪಾಠವನ್ನ ತಾಳಮದ್ದಲೆ ಮಾಡ್ತಿದ್ರು. ತಾಳಮದ್ದಲೆಲಿ ವೇಷ ಇಲ್ಲ, ಕುಣಿತ ಇಲ್ಲ, ಕೂತು ಮಾತಾಡೋದು ಅಷ್ಟೇ, ಆದ್ರೂ ಜನ ರಾತ್ರಿ ಇಡೀ ಕೇಳ್ತಾರಲ್ಲ, ಫೋನಲ್ಲೂ ಬರೀ ಧ್ವನಿ ಇದ್ರೆ ಸಾಕು ಅಂತ ಅವರು ಹೇಳ್ತಿದ್ರು. ಅಂಕೋಲೆಯ 1930ರ ಉಪ್ಪಿನ ಸತ್ಯಾಗ್ರಹ ಮತ್ತೆ ಆಮೇಲಿನ ಕರನಿರಾಕರಣೆ ಪಾಠ. ಒಬ್ಬ ಕಂದಾಯದ ಮಾಮಲೇದಾರ, ಒಬ್ಬ ಜಮೀನು ಜಪ್ತಿ ಆಗೋ ರೈತ, ಒಬ್ಬಳು ಆ ರೈತನ ಹೆಂಡತಿ, ಒಬ್ಬ ಸತ್ಯಾಗ್ರಹಿ. ಹಿಂದಿನ ದಿನವೇ ಪಾತ್ರ ಹಂಚಿ, ಒಂದೊಂದು ಪಾತ್ರಕ್ಕೆ ಇಬ್ಬಿಬ್ಬರು, ಒಬ್ಬರ ಸಿಗ್ನಲ್ ಹೋದ್ರೆ ಇನ್ನೊಬ್ಬರು. ಸರ್ ಭಾಗವತರ ಹಾಗೆ ಎರಡು ನಿಮಿಷ ಸಂದರ್ಭ ಹೇಳಿ ಬಿಟ್ಟುಬಿಡ್ತಿದ್ರು, ಆಮೇಲೆ ಮಾತೆಲ್ಲ ನಮ್ಮದೇ. ನನ್ನದು ಹೆಂಡತಿ ಪಾತ್ರ. ಗದ್ದೆ ಹೋದ್ರೆ ಮಕ್ಕಳಿಗೆ ಗಂಜಿ ಎಲ್ಲಿಂದ, ನಿಮ್ಮ ಸ್ವಾತಂತ್ರ್ಯ ಬರೋ ತನಕ ಅವು ಉಪವಾಸ ಇರ್ಬೇಕಾ ಅಂತ ನಾನು ಕೇಳಿದೆ, ಸತ್ಯಾಗ್ರಹಿ ಪಾತ್ರದವನಿಗೆ ಕೂಡ್ಲೆ ಉತ್ತರ ಬರಲಿಲ್ಲ, ಸರ್ ಮಧ್ಯ ಬಾಯಿ ಹಾಕ್ಲಿಲ್ಲ, ಕೊನೆಗೆ ಅವನು ಊರವರು ಜಪ್ತಿ ಆದ ಮನೆಯವರಿಗೆ ಅಕ್ಕಿ ಕೊಡ್ಬೇಕು, ಹರಾಜಲ್ಲಿ ಯಾರೂ ಕೂಗ್ಬಾರ್ದು ಅಂತ ಹೇಳ್ದ. ಆ ಪಾಠ ನಾನು ಪರೀಕ್ಷೆಗೆ ಓದ್ಲೇ ಇಲ್ಲ, ಓದೋದು ಬೇಕಾಗಲಿಲ್ಲ.


ಮಲೆನಾಡ_ಅಕ್ಕೋರು (ಶಿರಸಿ)

ತಂಗೀ, ಎಷ್ಟು ಚೆನ್ನಾಗಿ ಬರ್ದೆ. ಪಿಸುಗುಟ್ಟೋ ಜಾಗ ಇಲ್ಲ ಅನ್ನೋ ಮಾತು ನನಗೆ ಹೊಳೆದಿರಲೇ ಇಲ್ಲ. ಆದ್ರೆ ಇತಿಹಾಸಕ್ಕೆ ಪಾತ್ರ ಸಿಗ್ತದೆ, ಫಿಸಿಕ್ಸಿಗೆ ತಾಳಮದ್ದಲೆ ಹೇಗೆ ಮಾಡ್ಲಿ?


ಅಘನಾಶಿನಿ_ದಂಡೆ (ಕುಮಟಾ)

ಅಕ್ಕೋರೇ, ಖಂಡಿತ ಆಗ್ತದೆ. ಗೆಲಿಲಿಯೋ 1638ರಲ್ಲಿ ಚಲನೆ ಬಗ್ಗೆ ಬರೆದ ಪುಸ್ತಕವೇ ಮೂರು ಜನರ ಸಂಭಾಷಣೆ. ಒಬ್ಬರಿಗೆ ಅರಿಸ್ಟಾಟಲ್ ಕಡೆ ಕೊಡಿ, ಭಾರ ಇದ್ದದ್ದು ಬೇಗ ಬೀಳ್ತದೆ ಅಂತ ಅವನು ಸಾಧಿಸ್ಬೇಕು. ಎದುರಿನವಳು ಗೆಲಿಲಿಯೋ. ಅವಳು ಕೇಳ್ತಾಳೆ, ತೆಂಗಿನಕಾಯಿಗೂ ಅಡಿಕೆಗೂ ದಾರ ಕಟ್ಟಿ ಒಟ್ಟಿಗೆ ಬಿಟ್ರೆ ಏನಾಗ್ತದೆ? ನಿನ್ನ ಪ್ರಕಾರ ನಿಧಾನದ ಅಡಿಕೆ ಕಾಯಿಯನ್ನ ಹಿಂದೆ ಎಳೀಬೇಕು, ಅಂದ್ರೆ ಬರೀ ಕಾಯಿಗಿಂತ ತಡ. ಆದ್ರೆ ಎರಡೂ ಸೇರಿ ತೂಕ ಜಾಸ್ತಿ ಆಯ್ತಲ್ಲ, ಅಂದ್ರೆ ಬರೀ ಕಾಯಿಗಿಂತ ಬೇಗ. ತಡವೋ ಬೇಗವೋ ಹೇಳು. ಅರಿಸ್ಟಾಟಲ್ ಅಲ್ಲಿ ಸಿಕ್ಕಿಬೀಳ್ತಾನೆ. ಮೂರನೇ ಪಾತ್ರ ತೋಟದ ಯಜಮಾನ, ಅವನು ಗರಿ ಯಾಕೆ ನಿಧಾನ ಬೀಳ್ತದೆ ಅಂತ ಕೇಳ್ಬೇಕು, ಆಗ ಗಾಳಿಯ ತಡೆ ವಿಷಯ ತಾನಾಗೇ ಬರ್ತದೆ. ಉಳಿದವರು ಸುಮ್ಮನೆ ಕೇಳೋದಲ್ಲ, ಯಾರ ಯಾವ ಮಾತು ಗಟ್ಟಿ ಅಂತ ಒಂದು ಸಾಲು ಬರೆದು ಕಳಿಸ್ಬೇಕು.


ಬೈತಖೋಲ್_ಬಂದರು (ಕಾರವಾರ)

ಮೀಟಿಂಗ್ ಬಗ್ಗೆ ಯಾರೂ ಹೇಳ್ಲಿಲ್ಲ, ನಾನು ಹೇಳ್ತೇನೆ, ತರಬೇತಿ ಕೆಲಸದಲ್ಲೇ ಇದ್ದೇನೆ.

ಸುತ್ತೋಲೆ ಓದೋದಕ್ಕೆ ಮೀಟಿಂಗ್ ಕರೆಯೋದೇ ತಪ್ಪು. ಸುತ್ತೋಲೆ ಹಿಂದಿನ ದಿನ ಗ್ರೂಪಿಗೆ ಹಾಕಿ. ಓದದೆ ಬರ್ತಾರೆ, ಅದಕ್ಕೂ ಉಪಾಯ ಇದೆ, ಮೀಟಿಂಗಿನ ಮೊದಲ ಐದು ನಿಮಿಷ ಎಲ್ಲರೂ ಮ್ಯೂಟಲ್ಲಿ ಅದನ್ನೇ ಓದೋದು, ಒಂದು ಗೂಗಲ್ ಡಾಕಲ್ಲಿ ತಮ್ಮ ಪ್ರಶ್ನೆ ಟೈಪ್ ಮಾಡೋದು. ಅಜೆಂಡಾ ಅಂದ್ರೆ "ದಾಖಲಾತಿ ಕುರಿತು" ಅಂತ ಬರೀಬೇಡಿ, "ಜೂನಲ್ಲಿ ಬಿಟ್ಟ ಮಕ್ಕಳ ಮನೆಗೆ ಯಾರು ಯಾವತ್ತು ಹೋಗೋದು?" ಅಂತ ಪ್ರಶ್ನೆಯಾಗೇ ಬರೀರಿ. ಆಗ ಮಾತಾಡೋಕೆ ವಿಷಯ ಸಿಗ್ತದೆ, ಮುಗಿದಿದ್ದೂ ಗೊತ್ತಾಗ್ತದೆ.

ನಡೆಸೋರು ವಾರಕ್ಕೊಬ್ಬರು ಬದಲಾಗ್ಲಿ, ಹಿರಿಯರ ಬದಲು ಹೊಸದಾಗಿ ಬಂದವರು ಮೊದಲು ಮಾತಾಡ್ಲಿ. ಹೆಡ್ ಮಾಸ್ತರರು ಮೊದಲು ಅಭಿಪ್ರಾಯ ಹೇಳಿಬಿಟ್ರೆ ಆಮೇಲೆ ಎಲ್ಲರದ್ದೂ "ಸರ್ ಹೇಳಿದ್ದೇ ಸರಿ" ಆಗ್ತದೆ, ಅದು ಸ್ಕ್ರೀನ್ ಮೇಲೆ ಇನ್ನೂ ಜಾಸ್ತಿ.

ಝೂಮ್ ಫ್ರೀ ಅಕೌಂಟಲ್ಲಿ 40 ನಿಮಿಷಕ್ಕೆ ಕಟ್ ಆಗ್ತದೆ, ಗೂಗಲ್ ಮೀಟಲ್ಲಿ ಮೂರು ಅಥವಾ ಅದಕ್ಕಿಂತ ಜಾಸ್ತಿ ಜನ ಇದ್ರೆ 60 ನಿಮಿಷ. ಆ 40 ನಿಮಿಷವನ್ನೇ ಮಿತಿ ಅಂತ ಇಟ್ಕೊಳ್ಳಿ, ಎರಡನೇ ಲಿಂಕ್ ಮಾಡೋದೇ ಬೇಡ. ಬ್ರೇಕ್‌ಔಟ್ ರೂಮ್, ಅಂದ್ರೆ ಮೀಟಿಂಗ್ ಒಳಗೇ ಸಣ್ಣ ಗುಂಪು ಮಾಡಿ ಬೇರೆ ಬೇರೆ ಕೂರಿಸೋದು, ಝೂಮಿನ ಫ್ರೀಲೂ ಇದೆ, ಮೀಟಿನ ಫ್ರೀಲಿ ಇಲ್ಲ, ಮೇಲೆ ಆ ತಂಗಿ ಹೇಳಿದ ಜೋಡಿ ಜೋಡಿ ಮಾತಿಗೆ ಅದು ಸರಿಯಾಗಿ ಆಗ್ತದೆ. ಹಳೇ ಟ್ರೇನಿಂಗ್ ನೋಟ್ಸಲ್ಲಿ ಜಾಮ್‌ಬೋರ್ಡ್ ಅಂತ ಆನ್‌ಲೈನ್ ಬರೆಯೋ ಹಲಗೆ ಇದ್ರೆ ಹುಡುಕ್ಬೇಡಿ, ಗೂಗಲ್‌ನವರು ಅದನ್ನ 2024ರ ಡಿಸೆಂಬರ್ 31ಕ್ಕೆ ಮುಚ್ಚಿದ್ರು, ಅಂಥದ್ದೇ ಇನ್ನೊಂದು ಹಲಗೆ ಎಕ್ಸ್‌ಕ್ಯಾಲಿಡ್ರಾ ಲಾಗಿನ್ ಇಲ್ಲದೆ ಫೋನಲ್ಲೇ ತೆರೀತದೆ.

ಕೊನೇದು ಬಹಳ ಮುಖ್ಯ. ಅರ್ಧ ಜನ ಹಾಲಲ್ಲಿ, ಅರ್ಧ ಜನ ಮನೇಲಿ ಇರೋ ಮೀಟಿಂಗು. 2024ರ ಜುಲೈಲಿ ಅಂಕೋಲೆ ಹತ್ರದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದಾಗ ಆ ಕಡೆಯವರು ಈ ಕಡೆ ಬರೋ ಹಾಗಿರಲಿಲ್ಲ, ಇಂಥ ಮೀಟಿಂಗ್ ತುಂಬಾ ನಡೀತು. ಹಾಲಲ್ಲಿ ಇದ್ದವರು ತಮ್ಮತಮ್ಮಲ್ಲೇ ಮಾತಾಡ್ತಾರೆ, ಫೋನಲ್ಲಿ ಇದ್ದವರಿಗೆ ಬರೀ ಗುಜುಗುಜು. ಹಾಲಲ್ಲಿ ಒಬ್ಬರಿಗೆ ಒಂದೇ ಕೆಲಸ ಕೊಡಿ, ಆನ್‌ಲೈನ್ ಇದ್ದವರ ಪರವಾಗಿ ಕೂರೋದು, ಚಾಟ್ ನೋಡೋದು, "ನಿಲ್ಸಿ, ಅಂಕೋಲೆಯವರು ಏನೋ ಹೇಳ್ತಿದ್ದಾರೆ" ಅಂತ ಕೈ ಎತ್ತೋದು. ಪ್ರತಿ ವಿಷಯಕ್ಕೂ ಮೊದಲ ಮಾತು ಆನ್‌ಲೈನ್ ಇದ್ದವರದ್ದು.


ಮಲೆನಾಡ_ಅಕ್ಕೋರು (ಶಿರಸಿ)

ಎಲ್ರಿಗೂ ಬಹಳ ಉಪಕಾರ ಆಯ್ತು. ಮುಂದಿನ ಮಳೆ ರಜೆಗೆ ಹೀಗೆ ಮಾಡ್ತೇನೆ: ಬೆಳಿಗ್ಗೆ ವಾಯ್ಸ್ ಮೆಸೇಜು ಚಿತ್ರ, ಮಧ್ಯಾಹ್ನ ಇಪ್ಪತ್ತು ನಿಮಿಷ ಲೈವ್, ಜೋಡಿಲಿ ಉತ್ತರ, ಕ್ಯಾಮೆರಾ ಅವರಿಷ್ಟ. ತೆಂಗಿನಕಾಯಿ ಅಡಿಕೆ ತಾಳಮದ್ದಲೆಗೆ ಪಾತ್ರ ಇವತ್ತೇ ಹಂಚ್ತೇನೆ. ಒಂದೇ ಡೌಟು, ಲೈವಿಗೆ ಬರದೆ ಇದ್ದವರ ಹಾಜರಿ ಹೇಗೆ?


ಕಾಳಿ_ಮೇಲಿನ_ಮಾಸ್ತರ (ಜೋಯಿಡಾ)

ವಾಯ್ಸ್ ಮೆಸೇಜಿನ ಕೊನೇಲಿ ಒಂದು ಪ್ರಶ್ನೆ ಇಡಿ, ಉತ್ತರ ಎರಡು ದಿನದೊಳಗೆ ಯಾವಾಗ ಬಂದ್ರೂ ಹಾಜರಿ. ಸಿಗ್ನಲ್ ಪೂರ್ತಿ ಇಲ್ಲದವರು ಪುಸ್ತಕದಲ್ಲಿ ಬರೆದಿಟ್ಟು ಕಾಲೇಜ್ ಶುರು ಆದ ದಿನ ತೋರಿಸ್ಲಿ, ಅದೂ ಲೆಕ್ಕಕ್ಕೆ ಬರ್ತದೆ ಅಂತ ಮೊದಲೇ ಹೇಳಿಬಿಡಿ, ಇಲ್ದಿದ್ರೆ ಗುಡ್ಡ ಹತ್ತೋಕೆ ಹೋಗ್ತಾರೆ.